‘ಆವರೇಜ್’ ಎಂಬ ಮಾತಿನ ಪೂರ್ವಚರಿತ್ರೆ

‘ಆವರೇಜ್ ಹುಡುಗ’ ಎಂದರೆ ಸಾಧಾರಣ ಬುದ್ಧಿಯವನೆಂದು ನಾವು ತಿಳಿಯುತ್ತೇವೆ. ಆದರೆ ಈ ಶಬ್ದವು ಬೆಳೆದುದು ಪಾಠಶಾಲೆಯಲ್ಲಲ್ಲ, ಕಡಲಿನ ಮೇಲೆ. ಸಮುದ್ರವಿಮೆಯವರಿಗೆ ಇಂದಿಗೂ ಅದರ ವಾಚ್ಯಾರ್ಥ ‘ಹಾನಿ’ ಎಂದೇ. ಕೆಟ್ಟ ಸರಕನ್ನು ಸೂಚಿಸುವ ಅರಬ್ಬೀ ‘ಅವಾರ್’ ಇಟಲಿಯ ರೇವುಗಳಲ್ಲಿ ‘ಅವರಿಯಾ’ ಆಗಿ, ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿತೆಂದು ಪಂಡಿತರು ಊಹಿಸುತ್ತಾರೆ.

ಶಬ್ದಕ್ಕಿಂತ ಅದರ ಹಿಂದಿನ ನ್ಯಾಯವು ಪ್ರಾಚೀನವಾದುದು. ಬಿರುಗಾಳಿಯಲ್ಲಿ ಹಡಗನ್ನು ಹಗುರಮಾಡಲು ಒಬ್ಬನ ಸರಕನ್ನು ನೀರಿಗೆಸೆದರೆ, ಆ ನಷ್ಟವನ್ನು ಎಲ್ಲರೂ ಸೇರಿ ತುಂಬಿಕೊಡಬೇಕೆಂಬ ರೋಡ್ಸ್ ದ್ವೀಪದ ಕಟ್ಟಳೆಯು ಜಸ್ಟಿನಿಯನ್ ಚಕ್ರವರ್ತಿಯ ‘ಡೈಜೆಸ್ಟ್’ (ಕ್ರಿ. ಶ. 533) ಎಂಬ ಧರ್ಮಸಂಗ್ರಹದಲ್ಲಿದೆ. ಹಡಗು, ಸರಕುಗಳ ಒಟ್ಟು ಬೆಲೆ 10,000 ರೂಪಾಯಿ, ಎಸೆದುದು 1,000 ಎನ್ನೋಣ. ಆಗ ಪ್ರತಿಯೊಬ್ಬನೂ ತನ್ನ ಸ್ವತ್ತಿನ ಹತ್ತರಲ್ಲೊಂದು ಪಾಲನ್ನು ತೆರುವನು; ಸರಕನ್ನು ಕಳೆದುಕೊಂಡವನಿಗೂ ಅಷ್ಟೇ ನಷ್ಟ. ಈ ಹಂಚಿಕೆಯ ಲೆಕ್ಕದಿಂದ 18ನೆಯ ಶತಮಾನದಲ್ಲಿ ‘ಸರಾಸರಿ’ ಎಂಬ ಗಣಿತಾರ್ಥವೂ, ಅದರಿಂದ ‘ಸಾಧಾರಣ’ ಎಂಬ ಲಕ್ಷ್ಯಾರ್ಥವೂ ಹೊರಟವು.

ಯಾರ್ಕ್ (1864), ಆಂಟ್ವರ್ಪ್ (1877) ನಗರಗಳ ಸಭೆಗಳು ನಾನಾ ದೇಶಗಳ ಪದ್ಧತಿಗಳನ್ನು ಒಂದುಗೂಡಿಸಲೆತ್ನಿಸಿದವು. 2021ರಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡಾಗ, ಬಿಡಿಸಿದ ವೆಚ್ಚದಲ್ಲಿ ಸರಕಿನ ಒಡೆಯರೂ ಪಾಲುಗೊಳ್ಳಬೇಕೆಂದು ಸಾರಿದುದು ಇದೇ ನ್ಯಾಯದಿಂದ.

ಸಹಭಾಗದ ಹೆಸರು ಈಗ ತಾತ್ಸಾರದ ಮಾತಾಗಿದೆ. ವಿದ್ಯಾರ್ಥಿಯೊಬ್ಬನ ಹೆಸರಿನ ಮುಂದೆ ಅದನ್ನು ಬರೆಯುವ ನಾವು ಅಧ್ಯಾಪಕರು ಹಳೆಯ ಅರ್ಥವನ್ನು ನೆನೆಯುವುದು ಲೇಸು: ಅವನ ಕೊರತೆಯಲ್ಲಿ ಅದೇ ಹಡಗಿನಲ್ಲಿರುವ ನಮಗೂ ಪಾಲುಂಟು.