ನಗರ ಚುನಾವಣೆ: ಕೆಸರೆರಚಾಟ ಮತ್ತು ಲೆಕ್ಕ ಕೇಳುವ ಹಕ್ಕು

ನಮ್ಮ ಪ್ರಜಾಪ್ರಭುತ್ವದ ಮೂರು ಮೆಟ್ಟಿಲುಗಳಲ್ಲಿ ಮನೆಯ ಬಾಗಿಲಿಗೆ ಅತ್ಯಂತ ಸಮೀಪದ್ದು ಸ್ಥಳೀಯ ಸಂಸ್ಥೆ. ಲೋಕಸಭೆಯಲ್ಲಿ ದೇಶದ ರಕ್ಷಣೆಯ ವಿಷಯ ಚರ್ಚೆಯಾಗುತ್ತದೆ, ವಿಧಾನಸಭೆಯಲ್ಲಿ ರಾಜ್ಯದ ಮುಂಗಡಪತ್ರ ಮಂಡನೆಯಾಗುತ್ತದೆ. ಆದರೆ ನಮ್ಮ ಬೀದಿಯ ದೀಪ ಉರಿಯುವುದು, ಚರಂಡಿಯ ಹೂಳು ತೆಗೆಯುವುದು, ಕಸದ ಗಾಡಿ ಹೊತ್ತಿಗೆ ಸರಿಯಾಗಿ ಬರುವುದು ನಗರಪಾಲಿಕೆಯ ಕೆಲಸ. ಹೀಗಿರುವಾಗ ನಗರದ ಚುನಾವಣೆಯಲ್ಲಿ ದೀಪ, ಚರಂಡಿ, ಕಸಗಳ ಮಾತೇ ಹೆಚ್ಚಾಗಿ ಕೇಳಿಬರಬೇಕಿತ್ತು. ಕೇಳಿಬರುವುದೇ ಬೇರೆ. ಎದುರಾಳಿ ಯಾವ ಊರಿನಿಂದ ಬಂದವನು, ಯಾರ ಬಾಲಬಡುಕ, ಅವನ ಮನೆಯೊಳಗಿನ ಜಗಳವೇನು, ಅವನು ಗೆದ್ದರೆ ಯಾವ ಜನ ತಲೆ ಎತ್ತಿ ನಡೆಯುತ್ತಾರೆ ಎಂಬ ಪಿಸುಮಾತುಗಳೇ ಮುಂದಾಗುತ್ತವೆ. ಕೆಸರೆರಚಾಟ ಎಂಬ ಪದವನ್ನು ನಮ್ಮ ಪತ್ರಿಕೆಗಳು ಸುಮ್ಮನೆ ಬಳಕೆಗೆ ತಂದಿಲ್ಲ.

ಇದನ್ನು ಕಂಡು "ಕಾಲ ಕೆಟ್ಟುಹೋಯಿತು" ಎಂದು ನಿಟ್ಟುಸಿರುಬಿಡುವ ಹಿರಿಯರು ನಮ್ಮ ಬಂಧುವರ್ಗದಲ್ಲಿ ಅನೇಕರಿದ್ದಾರೆ. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಆ ಮಾತನ್ನು ಒಪ್ಪುವುದು ಕಷ್ಟ. ಈ ವಿದ್ಯೆ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ.

ಇಟಲಿಯ ಪೊಂಪೇಯಿ ನಗರವನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಬೂದಿ ಮುಚ್ಚಿಹಾಕಿದ ಊರು ಅದು. ಅದೇ ಬೂದಿ ಊರಿನ ಗೋಡೆಬರಹಗಳನ್ನು ಕಾಪಾಡಿಯೂ ಕೊಟ್ಟಿತು. ಅವುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚಿನವು ನಗರ ಚುನಾವಣೆಯ ಪ್ರಚಾರಬರಹಗಳು. ಇಂಥವರನ್ನು ಆರಿಸಿರಿ ಎಂದು ನೆರೆಹೊರೆಯವರೂ ಕಸುಬುದಾರರೂ ಬರೆಸಿದ ಕೋರಿಕೆಗಳೇ ಹೆಚ್ಚು. ಬೀದಿ, ಸಂತೆ, ಸ್ನಾನಗೃಹಗಳನ್ನು ನೋಡಿಕೊಳ್ಳುವ 'ಈಡೈಲ್' ಎಂಬ ಅಧಿಕಾರಸ್ಥಾನಕ್ಕೆ ವಾಟಿಯಾ ಎಂಬಾತ ಸ್ಪರ್ಧಿಸಿದ್ದ. ಅವನ ಪರವಾಗಿ ಕಾಣುವ ಕೆಲವು ಬರಹಗಳು ವಿಚಿತ್ರವಾಗಿವೆ. ಒಂದರಲ್ಲಿ ಅವನನ್ನು ಬೆಂಬಲಿಸುವವರು ಚಿಲ್ಲರೆ ಕಳ್ಳರು, ಇನ್ನೊಂದರಲ್ಲಿ ರಾತ್ರಿ ಬಹಳ ಹೊತ್ತು ಕುಡಿಯುವವರು, ಮತ್ತೊಂದರಲ್ಲಿ ನಿದ್ದೆಮಾಡುವವರು! ಇದು ಎದುರಾಳಿಗಳ ಕೈವಾಡವೆಂದು ಹಲವು ವಿದ್ವಾಂಸರು ತಿಳಿಯುತ್ತಾರೆ. ಹೊಗಳಿಕೆಯ ವೇಷದಲ್ಲಿ ತೆಗಳುವ ಈ ಜಾಣತನಕ್ಕೆ ಹತ್ತೊಂಬತ್ತು ಶತಮಾನಗಳಿಗೂ ಮೀರಿದ ವಯಸ್ಸಾಗಿದೆ. ವಾಟಿಯಾ ಬೀದಿಗಳನ್ನು ಹೇಗೆ ನೋಡಿಕೊಳ್ಳಬಲ್ಲ ಎಂಬುದರ ಬಗ್ಗೆ ಆ ಬರಹಗಳಲ್ಲಿ ಒಂದಕ್ಷರವೂ ಇಲ್ಲ ಎಂಬುದನ್ನು ಗಮನಿಸಬೇಕು.

ಹಾಗಾದರೆ ಚುನಾವಣೆಯಲ್ಲಿ ಎದುರಾಳಿಯ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕೆ? ಖಂಡಿತ ಅಲ್ಲ. ಎದುರಾಳಿಯ ತಪ್ಪನ್ನು ಎತ್ತಿ ತೋರಿಸದಿದ್ದರೆ ಮತದಾರನಿಗೆ ತಿಳಿಯುವುದಾದರೂ ಹೇಗೆ? ತೆಗಳಿಕೆಯಲ್ಲಿ ಎರಡು ಬಗೆಯುಂಟು. ಒಂದು, ಅಧಿಕಾರದಲ್ಲಿದ್ದವನು ಏನು ಮಾಡಿದ, ಏನು ಮಾಡಲಿಲ್ಲ ಎಂದು ಲೆಕ್ಕ ಕೇಳುವುದು. ಇನ್ನೊಂದು, ಅವನು ಎಂಥ ಮನುಷ್ಯ ಎಂದು ಭಯ ಹುಟ್ಟಿಸುವುದು. ಮೊದಲನೆಯದನ್ನು ಕಡತ ತೆಗೆದು ಪರೀಕ್ಷಿಸಬಹುದು. ಎರಡನೆಯದಕ್ಕೆ ಕಡತವೇ ಇರುವುದಿಲ್ಲ. ಈ ಎರಡೂ ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ ಎದುರುಬದುರು ನಿಂತದ್ದಕ್ಕೆ ಅಮೆರಿಕದ ಲಾಸ್ ಏಂಜಲೀಸ್ ನಗರದ 1969ರ ಮೇಯರ್ ಚುನಾವಣೆಗಿಂತ ಸ್ಪಷ್ಟವಾದ ನಿದರ್ಶನ ನನಗೆ ಸಿಕ್ಕಿಲ್ಲ.

ಆ ನಗರದಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲಿನ ಇಬ್ಬರ ನಡುವೆ ಎರಡನೆಯ ಸುತ್ತಿನ ಮತದಾನ ನಡೆಯುತ್ತದೆ. 1961ರಲ್ಲಿ ಸ್ಯಾಮ್ ಯಾರ್ಟಿ ಎಂಬುವರು ಅಧಿಕಾರದಲ್ಲಿದ್ದ ಮೇಯರನ್ನು ಸೋಲಿಸಿ ಆ ಸ್ಥಾನಕ್ಕೆ ಬಂದರು. ಅವರು ಜನಪ್ರಿಯರಾಗಲು ಒಂದು ಮುಖ್ಯ ಕಾರಣ ಕಸದ ವಿಷಯ! ಮನೆಯ ಕಸದಿಂದ ತಗಡಿನ ಡಬ್ಬಿಗಳನ್ನು ಬೇರ್ಪಡಿಸಿ ಇಡಬೇಕೆಂಬ ನಿಯಮ ಅಲ್ಲಿತ್ತು. ಅದನ್ನು ತೆಗೆದುಹಾಕುತ್ತೇನೆಂದು ಅವರು ಗೃಹಿಣಿಯರಿಗೆ ಮಾತು ಕೊಟ್ಟರು, ಗೆದ್ದ ಮೇಲೆ ನಡೆಸಿಯೂ ಕೊಟ್ಟರು. ಹಸಿ ಕಸ, ಒಣ ಕಸ ಎಂದು ದಿನವೂ ಬೇರ್ಪಡಿಸುವ ನಮಗೆ ಈ ಭರವಸೆ ವಿವೇಕದ್ದೆನಿಸಲಿಕ್ಕಿಲ್ಲ. ಆದರೂ ಅದು ನಗರ ಚುನಾವಣೆಗೆ ಸಲ್ಲುವ ವಿಷಯವೇ ಆಗಿತ್ತು. ಮತದಾರ ಅದನ್ನು ತೂಗಿ ನೋಡಬಹುದಿತ್ತು.

ಎಂಟು ವರ್ಷ ಕಳೆದವು. 1965ರ ಆಗಸ್ಟಿನಲ್ಲಿ ಕಪ್ಪು ಜನಾಂಗದವರು ಹೆಚ್ಚಾಗಿದ್ದ ವಾಟ್ಸ್ ಬಡಾವಣೆಯಲ್ಲಿ ಪೊಲೀಸರ ಮೇಲಿನ ಆಕ್ರೋಶ ದಂಗೆಯಾಗಿ ಸಿಡಿದು 34 ಮಂದಿ ಸತ್ತರು. 1968ರ ಜೂನಿನಲ್ಲಿ ಅದೇ ನಗರದ ಹೋಟೆಲೊಂದರಲ್ಲಿ ರಾಬರ್ಟ್ ಕೆನಡಿಯವರ ಮೇಲೆ ಗುಂಡು ಹಾರಿಸಿ ಕೊಂದರು. ಜನರ ಮನಸ್ಸಿನಲ್ಲಿ ಅಂಜಿಕೆ ಮನೆಮಾಡಿತ್ತು. ಇತ್ತ ಯಾರ್ಟಿಯವರು ನೇಮಿಸಿದ್ದ ನಗರ ಮಂಡಳಿಗಳ ಅವ್ಯವಹಾರವನ್ನು 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆ ಬಯಲಿಗೆಳೆಯಿತು. ಕೆಲವರು ರಾಜೀನಾಮೆಯಿತ್ತರು, ಕೆಲವರಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಆ ವರದಿಗಳಿಗಾಗಿ ಪತ್ರಿಕೆಗೆ 1969ರ ಪುಲಿಟ್ಜರ್ ಪ್ರಶಸ್ತಿ ಬಂದಿತು.

ಆ ವರ್ಷ ಯಾರ್ಟಿಯವರ ಎದುರು ನಿಂತವರು ಟಾಮ್ ಬ್ರಾಡ್ಲಿ. ಅವರು ಗುಲಾಮರಾಗಿದ್ದವರ ಮೊಮ್ಮಗ, ಟೆಕ್ಸಾಸಿನ ಪಾಲುಗಾರಿಕೆಯ ರೈತ ಕುಟುಂಬದಲ್ಲಿ 1917ರಲ್ಲಿ ಹುಟ್ಟಿದವರು. ಎರಡು ದಶಕ ಲಾಸ್ ಏಂಜಲೀಸಿನ ಪೊಲೀಸ್ ಇಲಾಖೆಯಲ್ಲಿ ದುಡಿದು ಲೆಫ್ಟಿನೆಂಟ್ ಹುದ್ದೆಗೇರಿದರು, ನೌಕರಿಯ ನಡುವೆಯೇ ಕಾನೂನು ಓದಿದರು, 1963ರಲ್ಲಿ ನಗರ ಪರಿಷತ್ತಿಗೆ ಆಯ್ಕೆಯಾದರು. 1969ರ ಏಪ್ರಿಲ್ 1ರಂದು ನಡೆದ ಮೊದಲ ಸುತ್ತಿನಲ್ಲಿ ಅವರಿಗೆ ಶೇಕಡಾ 42ರಷ್ಟು ಮತಗಳು, ಅಧಿಕಾರದಲ್ಲಿದ್ದ ಯಾರ್ಟಿಯವರಿಗೆ ಕೇವಲ 26ರಷ್ಟು. ಗೆಲುವು ಇನ್ನೇನು ಕೈಗೆ ಸಿಕ್ಕಿತೆಂದು ಎಲ್ಲರೂ ಭಾವಿಸಿದರು.

ಎರಡನೆಯ ಸುತ್ತಿಗೆ ಎಂಟು ವಾರಗಳಿದ್ದವು. ಯಾರ್ಟಿಯವರು ತಮ್ಮ ಎಂಟು ವರ್ಷಗಳ ಆಡಳಿತದ ಲೆಕ್ಕವನ್ನು ಜನರ ಮುಂದಿಟ್ಟು ಹೋರಾಡಬಹುದಿತ್ತು. ಅವರು ಹಿಡಿದದ್ದು ಬೇರೆ ದಾರಿ. ಬ್ರಾಡ್ಲಿಯವರ ಬೆನ್ನ ಹಿಂದೆ ಕಪ್ಪು ಜನಾಂಗದ ಉಗ್ರಗಾಮಿಗಳೂ ಎಡಪಂಥೀಯ ತೀವ್ರವಾದಿಗಳೂ ಇದ್ದಾರೆಂದು ಪ್ರಚಾರವಾಯಿತು. ಅವರ ಪ್ರಚಾರತಂಡದಲ್ಲಿದ್ದ ಒಬ್ಬರು ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದರೆಂಬುದನ್ನು ದೊಡ್ಡದು ಮಾಡಲಾಯಿತು. ಬ್ರಾಡ್ಲಿ ಗೆದ್ದರೆ ಪೊಲೀಸರು ಗುಂಪುಗುಂಪಾಗಿ ನೌಕರಿ ಬಿಟ್ಟುಹೋಗುತ್ತಾರೆ, ನಗರಕ್ಕೆ ಕಾವಲೇ ಇರುವುದಿಲ್ಲ ಎಂದು ಹೆದರಿಸಲಾಯಿತು. ತನ್ನ ಯೌವನವನ್ನೆಲ್ಲ ಅದೇ ಪೊಲೀಸ್ ಸಮವಸ್ತ್ರದಲ್ಲಿ ಕಳೆದ ವ್ಯಕ್ತಿಯ ಬಗ್ಗೆ ಆಡಿದ ಮಾತಿದು! ಮೇ 27ರಂದು ಮತದಾನ ನಡೆದಾಗ ಯಾರ್ಟಿಯವರು ಸುಮಾರು ಶೇಕಡಾ 53 ಮತ ಪಡೆದು ಗೆದ್ದರು.

ಈ ಫಲಿತಾಂಶ ನಮಗೆ ಕಲಿಸುವ ಪಾಠ ಕಹಿಯಾದದ್ದು. ಒಂದು ಕಡೆ ಸಾಕ್ಷ್ಯಸಹಿತವಾದ, ನ್ಯಾಯಾಲಯವೂ ಒಪ್ಪಿದ ಆರೋಪಗಳು. ಇನ್ನೊಂದು ಕಡೆ ಸಾಕ್ಷ್ಯವಿಲ್ಲದ ಭಯ. ಭಯವೇ ಗೆದ್ದಿತು. ಅದೇಕೆಂದು ನಾನು ಬಹಳ ಯೋಚಿಸಿದ್ದೇನೆ. ಲೆಕ್ಕ ಓದಲು ಹೊತ್ತು ಬೇಕು, ತಾಳ್ಮೆ ಬೇಕು. ಭಯಕ್ಕೆ ಅರೆಕ್ಷಣ ಸಾಕು. ಮಂಡಳಿಯ ಅವ್ಯವಹಾರ ನಗರದ ಬೊಕ್ಕಸಕ್ಕೆ ಸಂಬಂಧಿಸಿದ್ದು, ಭಯವಾದರೋ ನನ್ನ ಮನೆ, ನನ್ನ ಮಕ್ಕಳು ಎಂದು ನೇರವಾಗಿ ಎದೆಗೇ ಬಂದು ತಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, "ಮುಂದೆ ಹೀಗಾದೀತು" ಎಂಬ ಹೆದರಿಕೆಯ ಮಾತನ್ನು ಮತದಾನದ ದಿನಕ್ಕೆ ಮುಂಚೆ ಸುಳ್ಳೆಂದು ಸಾಧಿಸಲು ಯಾರಿಗೂ ಸಾಧ್ಯವಿಲ್ಲ. ಕೆಸರೆರಚುವವನ ನಿಜವಾದ ಬಲವಿರುವುದು ಇಲ್ಲಿ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1973ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಯಾರ್ಟಿಯವರು ಹಳೆಯ ಆರೋಪಗಳನ್ನೇ ಮತ್ತೆ ಹೂಡಿದರು. ಆದರೆ ಈ ನಾಲ್ಕು ವರ್ಷಗಳಲ್ಲಿ ಜನ ಬ್ರಾಡ್ಲಿಯವರನ್ನು ಪರಿಷತ್ತಿನಲ್ಲಿ ನೋಡಿದ್ದರು. ದೂರದರ್ಶನದ ಜಾಹೀರಾತುಗಳ ಮೂಲಕವೂ ಅವರು ತಮ್ಮನ್ನು ಮನೆಮನೆಗೆ ಪರಿಚಯಿಸಿಕೊಂಡರು. ಯಾರ್ಟಿಯವರಾದರೋ ಊರಿನಲ್ಲಿ ಇರುವುದಕ್ಕಿಂತ ಪ್ರವಾಸದಲ್ಲಿರುವುದೇ ಹೆಚ್ಚೆಂಬ ದೂರಿತ್ತು. 1972ರಲ್ಲಿ ಅವರು ಅಧ್ಯಕ್ಷ ಪದವಿಗೂ ಕೈಚಾಚಿ ಬಂದಿದ್ದರು. ದಂಗೆಯ ನೆನಪೂ ಹಳೆಯದಾಗಿತ್ತು. ಮೇ 29ರಂದು ಬ್ರಾಡ್ಲಿಯವರು ಸುಮಾರು ಶೇಕಡಾ 56 ಮತ ಪಡೆದು ಗೆದ್ದರು. ನಗರದ ಜನಸಂಖ್ಯೆಯಲ್ಲಿ ಕಪ್ಪು ಜನಾಂಗದವರು ಆಗ ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಂದರೆ ಅವರನ್ನು ಗೆಲ್ಲಿಸಿದವರಲ್ಲಿ ಉಳಿದ ಜನಾಂಗಗಳವರು ದೊಡ್ಡ ಸಂಖ್ಯೆಯಲ್ಲಿದ್ದರು. ಅವರು 1993ರವರೆಗೆ, ಇಪ್ಪತ್ತು ವರ್ಷ ಮೇಯರಾಗಿದ್ದರು. ಪೊಲೀಸರು ಗುಂಪುಗುಂಪಾಗಿ ರಾಜೀನಾಮೆ ಕೊಡಲಿಲ್ಲ. 1984ರ ಒಲಿಂಪಿಕ್ ಕ್ರೀಡಾಕೂಟ ಅದೇ ನಗರದಲ್ಲಿ ವೈಭವದಿಂದ ನಡೆಯಿತು.

ಬ್ರಾಡ್ಲಿಯವರನ್ನು ದೇವರ ಪಟದ ಪಕ್ಕದಲ್ಲಿ ತೂಗುಹಾಕಲು ನಾನು ಈ ಕಥೆ ಹೇಳುತ್ತಿಲ್ಲ. 1989ರಲ್ಲಿ ಕೆಲವು ಬ್ಯಾಂಕುಗಳೊಡನೆ ಅವರಿಗಿದ್ದ ಹಣಕಾಸಿನ ಸಂಬಂಧವನ್ನು ಪತ್ರಿಕೆಗಳು ಪ್ರಶ್ನಿಸಿದವು, ತನಿಖೆಯೂ ನಡೆಯಿತು. ಮರುವರ್ಷ ನಗರದ ಮತದಾರರು ಅಧಿಕಾರಸ್ಥರ ನಡತೆಯ ಮೇಲೆ ಕಣ್ಣಿಡುವ ನೀತಿ ಆಯೋಗವೊಂದನ್ನು ಮತ ಹಾಕಿ ಸ್ಥಾಪಿಸಿಕೊಂಡರು. ಇದು ಕೆಸರೆರಚಾಟವಲ್ಲ, ಲೆಕ್ಕ ಕೇಳುವಿಕೆ. ನಾವು ಮೆಚ್ಚಿದವರನ್ನೂ ಲೆಕ್ಕ ಕೇಳಬೇಕು. ಹಾಗೆ ಕೇಳಬಲ್ಲವನಿಗೆ ಮಾತ್ರ ನಾವು ಮೆಚ್ಚದವರ ಮೇಲೆ ಎರಚಿದ ಕೆಸರನ್ನು ಒರೆಸುವ ಅಧಿಕಾರವಿದೆ.

ಲೆಕ್ಕ ಕೇಳುವ ಪದ್ಧತಿ ನಮಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ ಒಂದನೆಯ ಪರಾಂತಕ ಚೋಳನ ಕಾಲದ, ಸುಮಾರು ಕ್ರಿ.ಶ. 920ರ ಶಾಸನಗಳನ್ನು ತರಗತಿಯಲ್ಲಿ ಓದಿದ್ದು ನಿಮಗೆ ನೆನಪಿರಬಹುದು. ಅಲ್ಲಿನ ಸಭೆಯ ಸಮಿತಿಗಳಿಗೆ ಯೋಗ್ಯರ ಹೆಸರನ್ನು ಓಲೆಯಲ್ಲಿ ಬರೆದು, ಕೊಡದಲ್ಲಿ ಹಾಕಿ, ಒಬ್ಬ ಬಾಲಕನಿಂದ ಎತ್ತಿಸುತ್ತಿದ್ದರು. ಅದು ಜಮೀನುಳ್ಳ, ವೇದ ಬಲ್ಲ ಕೆಲವರಿಗೆ ಮಾತ್ರ ಸೀಮಿತವಾದ ವ್ಯವಸ್ಥೆ, ಇಂದಿನ ಪ್ರಜಾಪ್ರಭುತ್ವಕ್ಕೆ ಸಮನಲ್ಲ. ಆದರೂ ಒಂದು ನಿಯಮ ಇಂದಿಗೂ ಬೆಳಕು ಕೊಡುತ್ತದೆ: ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮಾತ್ರವಲ್ಲ, ಅವನ ಹತ್ತಿರದ ಬಂಧುಗಳೂ ಅನರ್ಹರು.

ಸ್ವತಂತ್ರ ಭಾರತದ ಕಾನೂನು ಸಹ ನಾನು ಹೇಳಿದ ಅಂತರವನ್ನು ಗುರುತಿಸಿದೆ. ಲೋಕಸಭೆ, ವಿಧಾನಸಭೆಗಳ ಚುನಾವಣೆಗೆ ಅನ್ವಯಿಸುವ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೆಯ ಪ್ರಕರಣದ ಪ್ರಕಾರ, ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ ಸುಳ್ಳೆಂದು ತಿಳಿದೂ ಪ್ರಕಟಿಸುವುದು ಭ್ರಷ್ಟ ಆಚರಣೆ. ಕರಪತ್ರದ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರಿರಬೇಕೆಂದು ಅದರ 127ಎ ಪ್ರಕರಣ ವಿಧಿಸುತ್ತದೆ. ಚುನಾವಣಾ ಆಯೋಗದ ಮಾದರಿ ನೀತಿಸಂಹಿತೆಯೂ ಟೀಕೆ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಗಳಿಗೆ ಸೀಮಿತವಾಗಿರಲಿ, ಖಾಸಗಿ ಬದುಕನ್ನು ಕೆದಕಬಾರದು ಎನ್ನುತ್ತದೆ. ಆದರೆ ಮೊಬೈಲಿನಿಂದ ಮೊಬೈಲಿಗೆ ಹಾರುವ ಹೆಸರಿಲ್ಲದ ಸಂದೇಶಕ್ಕೆ ಮುದ್ರಕನಾರು? ಅದನ್ನು ಮುಂದಕ್ಕೆ ಕಳುಹಿಸುವ ನಾವೇ ಪ್ರಕಾಶಕರು ಎಂದು ತಿಳಿಯುವುದು ಒಳ್ಳೆಯದು.

ನಾನು ಬೆಂಗಳೂರಿನ ಮತದಾರ. ನಮ್ಮ ಊರಿನ ಸ್ಥಿತಿಯನ್ನು ನೆನೆದರೆ ಇನ್ನೊಂದು ಚಿಂತೆಯೂ ಸೇರುತ್ತದೆ. 2010ರಲ್ಲಿ ಮತ್ತು 2015ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಿಗೆ ಚುನಾವಣೆ ನಡೆದಾಗ ಮತ ಹಾಕಿದವರು ಅರ್ಧಕ್ಕಿಂತ ಕಡಿಮೆ. 2020ರ ಸೆಪ್ಟೆಂಬರಿನಲ್ಲಿ ಆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷಗಳಿಗೂ ಹೆಚ್ಚು ಕಾಲ ಹೊಸ ಸದಸ್ಯರೇ ಬರಲಿಲ್ಲ, ಅಧಿಕಾರಿಗಳೇ ಆಡಳಿತ ನಡೆಸಿದರು. 2025ರಲ್ಲಿ ಪಾಲಿಕೆ ಐದು ಪಾಲಿಕೆಗಳಾಗಿ ಒಡೆಯಿತು. ಇಷ್ಟು ದೀರ್ಘವಾಗಿ ಪ್ರತಿನಿಧಿ ಇಲ್ಲದ ಊರಿನಲ್ಲಿ ಲೆಕ್ಕ ಕೇಳುವುದಾದರೂ ಯಾರನ್ನು? ಕೇಳುವ ಅಭ್ಯಾಸ ತಪ್ಪಿದ ಮೇಲೆ ಪ್ರಚಾರಕ್ಕೆ ಉಳಿಯುವುದು ಜಾತಿ, ಭಾಷೆ, ಭಯ ಮಾತ್ರ. ಚುನಾವಣೆಯನ್ನು ಕಾಲಕಾಲಕ್ಕೆ ನಡೆಸುವುದೇ ಕೆಸರೆರಚಾಟಕ್ಕೆ ಮೊದಲ ಮದ್ದು ಎಂದು ನಾನು ನಂಬಿದ್ದೇನೆ. ಲಾಸ್ ಏಂಜಲೀಸಿನ ಮತದಾರರಿಗೆ 1973 ಎಂಬ ಎರಡನೆಯ ಅವಕಾಶ ಹೊತ್ತಿಗೆ ಸರಿಯಾಗಿ ಬಂದದ್ದರಿಂದಲೇ ಅಲ್ಲವೆ ಅವರು ತಮ್ಮ ತೀರ್ಪನ್ನು ತಿದ್ದಿಕೊಂಡದ್ದು?

ಸಾರ್ವಜನಿಕ ಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಹುಡುಗನ ಹೆಸರಿರುವುದಿಲ್ಲ, ನೋಂದಣಿ ಸಂಖ್ಯೆ ಮಾತ್ರ ಇರುತ್ತದೆ. ಬರೆದವನು ಯಾರ ಮಗ, ಯಾವ ಕೇರಿಯವನು ಎಂದು ತಿಳಿದರೆ ತಿದ್ದುವವನ ಕೈ ಒಂದಿಷ್ಟು ಆಚೀಚೆ ಆದೀತೆಂದು ಹಿರಿಯರು ಮಾಡಿದ ಏರ್ಪಾಡು ಅದು. ಅಭ್ಯರ್ಥಿಯ ಹೆಸರು, ಮುಖಗಳನ್ನು ನಾವು ಮರೆಮಾಡಲಾರೆವು. ಆದರೆ ಮತ ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಈ ಆರೋಪ ಅವನು ಮಾಡಿದ ಕೆಲಸದ ಬಗ್ಗೆಯೋ, ಅವನ ಹುಟ್ಟಿನ ಬಗ್ಗೆಯೋ? ಇದನ್ನು ಪರೀಕ್ಷಿಸಿ ನೋಡಲು ದಾರಿಯುಂಟೋ? ಇದನ್ನು ಹೇಳುತ್ತಿರುವವನು ತನ್ನ ಲೆಕ್ಕವನ್ನು ಒಪ್ಪಿಸಿದ್ದಾನೋ?

ನೀವೆಲ್ಲ ಈಗ ಬೇರೆ ಬೇರೆ ಊರುಗಳಲ್ಲಿದ್ದೀರಿ, ಕೆಲವರು ಹೊರದೇಶಗಳಲ್ಲಿಯೂ ಇದ್ದೀರಿ. ಎಲ್ಲಿದ್ದರೂ ನಿಮ್ಮ ನಗರದ ಚುನಾವಣೆಯನ್ನು ಸಣ್ಣದೆಂದು ಬಿಟ್ಟುಬಿಡಬೇಡಿ. ಬೀದಿಯ ದೀಪ ಉರಿಯದಿದ್ದರೆ ಕತ್ತಲು ಕವಿಯುವುದು ನಮ್ಮ ಮನೆಯ ಮುಂದೆಯೇ.