ಎತ್ತರದ ಹೆಂಪ್ ತಳಿಗಳು

ಎತ್ತರದ ಹೆಂಪ್ ತಳಿಗಳು ಎಂದರೆ ನಾರಿಗಾಗಿ ಬೆಳೆಸುವ, ಉದ್ದವಾದ ಕಾಂಡವುಳ್ಳ ಗಾಂಜಾ ಸಸ್ಯದ (ಕ್ಯಾನಬಿಸ್ ಸಟೈವ) ತಳಿಗಳು. ಸೆಣಬು ಎಂದು ಕನ್ನಡದಲ್ಲಿ ಕರೆಯಲಾಗುವ ಜೂಟ್ ಬೇರೆಯೇ ಕುಲಕ್ಕೆ ಸೇರಿದ ಸಸ್ಯವಾಗಿದೆ. ನಾರಿನ ಹೆಂಪ್ ಸಾಮಾನ್ಯವಾಗಿ 2ರಿಂದ 4 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಬೀಜಕ್ಕಾಗಿ ಫಿನ್ಲೆಂಡಿನಲ್ಲಿ ರೂಪಿಸಲಾದ ಫಿನೋಲಾ ತಳಿಯು ಗಿಡ್ಡವಾಗಿದ್ದು, ಬೇಗನೆ ಮಾಗುತ್ತದೆ.

ಎತ್ತರವನ್ನು ನಿರ್ಧರಿಸುವ ಅಂಶಗಳು

ಎತ್ತರವು ಅನೇಕ ಜೀನ್‌ಗಳು ಮತ್ತು ಪರಿಸರ ಒಟ್ಟಾಗಿ ನಿರ್ಧರಿಸುವ ಗುಣ. ಇದರಲ್ಲಿ ಹೂಬಿಡುವ ಕಾಲದ ಪಾತ್ರ ಮುಖ್ಯವಾದುದು. ಹೆಂಪ್ ಹ್ರಸ್ವದಿನ ಸಸ್ಯ. ಹಗಲಿನ ಅವಧಿ ಕಡಿಮೆಯಾದಾಗ ಹೂಬಿಡುತ್ತದೆ, ಆ ಬಳಿಕ ಕಾಂಡದ ಬೆಳವಣಿಗೆ ಕುಂಠಿತಗೊಳ್ಳುತ್ತದೆ. ಉತ್ತರ ಗೋಳಾರ್ಧದಲ್ಲಿ ದಕ್ಷಿಣದ ತಳಿಯನ್ನು ಉತ್ತರದ ಪ್ರದೇಶಕ್ಕೆ ಒಯ್ದು ಬಿತ್ತಿದರೆ, ಬೇಸಿಗೆಯ ದೀರ್ಘ ಹಗಲಿನಿಂದಾಗಿ ಹೂ ತಡವಾಗಿ ಬಂದು ಗಿಡ ಹೆಚ್ಚು ಎತ್ತರವಾಗುತ್ತದೆ. ಆದರೆ ಚಳಿಗಾಲಕ್ಕೆ ಮುನ್ನ ಅದರ ಬೀಜ ಮಾಗದೇ ಹೋಗಬಹುದು. ಒತ್ತಾಗಿ ಬಿತ್ತಿದ ಗಿಡಗಳು ಕವಲೊಡೆಯದೆ ನೇರವಾಗಿ, ತೆಳ್ಳಗೆ ಬೆಳೆಯುತ್ತವೆ. ವಿರಳವಾಗಿ ಬಿತ್ತಿದವು ಕವಲೊಡೆಯುತ್ತವೆ.

ತಳಿ ಅಭಿವೃದ್ಧಿ

20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಲಿಸ್ಟರ್ ಡ್ಯೂಯಿ ಅವರು, ಎತ್ತರವಾದ ಹಾಗೂ ಗೆಣ್ಣುಗಳ ನಡುವೆ ಹೆಚ್ಚು ಅಂತರವಿರುವ ಗಿಡಗಳ ಬೀಜವನ್ನು ಆರಿಸುತ್ತಾ ಹೋಗಿ, ಕೆಂಟಕಿ ಹೆಂಪ್‌ನಿಂದ ಕೈಮಿಂಗ್ಟನ್ ತಳಿಯನ್ನು ರೂಪಿಸಿದರು. ಇದನ್ನು ಇಟಲಿಯ ಫೆರಾರಾ ತಳಿಯೊಂದಿಗೆ ಸಂಕರಗೊಳಿಸಿ ಫೆರಾಮಿಂಗ್ಟನ್ ತಳಿಯನ್ನು ಪಡೆಯಲಾಯಿತು.

ಹೆಂಪ್‌ನಲ್ಲಿ ಸಾಮಾನ್ಯವಾಗಿ ಗಂಡು ಮತ್ತು ಹೆಣ್ಣು ಗಿಡಗಳು ಪ್ರತ್ಯೇಕವಾಗಿರುತ್ತವೆ. ಪರಾಗವು ಗಾಳಿಯಲ್ಲಿ ಬಹುದೂರ ಸಾಗುತ್ತದೆ. ಆದ್ದರಿಂದ ಉತ್ತಮ ಹೆಣ್ಣು ಗಿಡಗಳನ್ನಷ್ಟೇ ಆರಿಸಿದರೆ ಆಯ್ಕೆ ಅಪೂರ್ಣವಾಗುತ್ತದೆ. ಜರ್ಮನಿಯ ಗುಸ್ತಾವ್ ಬ್ರೆಡೆಮನ್ ಅವರು ಗಂಡು ಗಿಡದ ಕಾಂಡವನ್ನು ಹೂಬಿಡುವ ಮುನ್ನವೇ ಉದ್ದಕ್ಕೆ ಸೀಳಿ, ಒಂದು ಭಾಗದಲ್ಲಿ ನಾರಿನ ಪ್ರಮಾಣವನ್ನು ಪರೀಕ್ಷಿಸಿ, ಹೆಚ್ಚು ನಾರುಳ್ಳ ಗಿಡಗಳನ್ನು ಮಾತ್ರ ಪರಾಗಸ್ಪರ್ಶಕ್ಕೆ ಉಳಿಸಿಕೊಳ್ಳುವ ವಿಧಾನವನ್ನು ಅನುಸರಿಸಿದರು. ಗಂಡು ಗಿಡಗಳು ಪರಾಗ ಚೆಲ್ಲಿದ ನಂತರ ಬೇಗನೆ ಒಣಗುವುದರಿಂದ ಕೊಯ್ಲು ಏಕಕಾಲಕ್ಕೆ ಒದಗುವುದಿಲ್ಲ. ಈ ತೊಡಕನ್ನು ನಿವಾರಿಸಲು, ಒಂದೇ ಗಿಡದಲ್ಲಿ ಗಂಡು ಮತ್ತು ಹೆಣ್ಣು ಹೂಗಳಿರುವ ಫಿಬ್ರಿಮಾನ್‌ನಂತಹ ತಳಿಗಳನ್ನು ಬೆಳೆಸಲಾಯಿತು.

ಮಿತಿಗಳು

ಎತ್ತರವೊಂದೇ ಉತ್ತಮ ತಳಿಯ ಲಕ್ಷಣವಲ್ಲ. ಬೆಲೆಬಾಳುವ ನಾರು ಕಾಂಡದ ತೊಗಟೆಯಲ್ಲಿರುತ್ತದೆ. ಕಾಂಡ ದಪ್ಪವಾದಷ್ಟೂ ಒಳಗಿನ ಮರದಂತಹ ಭಾಗದ ಪಾಲು ಹೆಚ್ಚುತ್ತದೆ. ಅತಿ ಎತ್ತರದ ಗಿಡಗಳು ಗಾಳಿಮಳೆಗೆ ನೆಲಕ್ಕೊರಗಬಹುದು. ತಡವಾಗಿ ಹೂಬಿಡುವ ತಳಿಯಿಂದ ಕಾಂಡದ ಇಳುವರಿ ಹೆಚ್ಚಿದರೂ, ಮುಂದಿನ ಬಿತ್ತನೆಗೆ ಬೇಕಾದ ಬೀಜವನ್ನು ಬೆಚ್ಚಗಿನ ದಕ್ಷಿಣ ಪ್ರದೇಶದಲ್ಲಿ ಬೆಳೆಯಬೇಕಾಗಬಹುದು.

ಭಾರತದಲ್ಲಿ

ಎತ್ತರದ ಆಧಾರದ ಮೇಲೆ ಗಿಡದ ಮಾದಕತೆಯನ್ನು ಹೇಳಲಾಗದು; ಅದು ಟಿಎಚ್‌ಸಿ ರಾಸಾಯನಿಕದ ಪ್ರಮಾಣವನ್ನು ಅವಲಂಬಿಸಿದೆ. 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯ 14ನೆಯ ಸೆಕ್ಷನ್ ಪ್ರಕಾರ, ನಾರು ಅಥವಾ ಬೀಜಕ್ಕಾಗಿ ಹಾಗೂ ತೋಟಗಾರಿಕೆಯ ಉದ್ದೇಶಕ್ಕಾಗಿ ಈ ಸಸ್ಯವನ್ನು ಬೆಳೆಯಲು ಸರ್ಕಾರವು ಷರತ್ತುಗಳೊಂದಿಗೆ ಅನುಮತಿ ನೀಡಬಹುದು. ಅನುಮತಿಯಿಲ್ಲದೆ ಬೆಳೆಯುವುದು ಅಪರಾಧ.