ಕ್ವಾಂಟಮ್ ಭೌತಶಾಸ್ತ್ರ: ಸಾರ್ವಜನಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮತ್ತು ಉತ್ತರಗಳು

ಪೀಠಿಕೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆ ಹೋಬಳಿಯು ನಾಗರಹೊಳೆ ಅರಣ್ಯದ ಅಂಚಿನಲ್ಲಿದೆ. ಈ ಭಾಗದ ಹಾಡಿಗಳ ಸೌರದೀಪ, ಜಮೀನಿನ ಬದಿಯ ಸೌರಬೇಲಿ, ಮನೆಯ ಎಲ್‌ಇಡಿ ಬಲ್ಬು ಮತ್ತು ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರ ಇವೆಲ್ಲವೂ ಕ್ವಾಂಟಮ್ ಭೌತಶಾಸ್ತ್ರದ ನಿಯಮಗಳನ್ನು ಆಧರಿಸಿ ಕಾರ್ಯನಿರ್ವಹಿಸುವ ಸಾಧನಗಳಾಗಿವೆ. ಇದೇ ವೇಳೆ, 'ಕ್ವಾಂಟಮ್' ಎಂಬ ಪದವನ್ನು ಮುಂದಿಟ್ಟು ಪದಕ, ನೀರು, ರೋಗಪತ್ತೆ ಯಂತ್ರ ಮುಂತಾದವುಗಳನ್ನು ಮಾರುವವರೂ ಇದ್ದಾರೆ. ಯಾವುದು ವಿಜ್ಞಾನ, ಯಾವುದು ಅಲ್ಲ ಎಂಬುದನ್ನು ನಾಗರಿಕರು ತಾವೇ ನಿರ್ಧರಿಸಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ನೀಡಲಾಗಿದೆ.

ಭಾಗ – 1: ಮೂಲ ಪರಿಕಲ್ಪನೆಗಳು

ಪ್ರಶ್ನೆ 1: ಕ್ವಾಂಟಮ್ ಎಂದರೇನು?

ಉತ್ತರ: ಕ್ವಾಂಟಮ್ ಎಂದರೆ ಇನ್ನೂ ಚಿಕ್ಕದಾಗಿ ವಿಭಜಿಸಿ ಕೊಡಲಾಗದ ಒಂದು ಕನಿಷ್ಠ ಪ್ರಮಾಣ. ಕನ್ನಡದ ಕೆಲವು ಗ್ರಂಥಗಳಲ್ಲಿ ಇದನ್ನು 'ಶಕಲ' ಎಂದು ಕರೆಯಲಾಗಿದೆ. ಚೀಲದಿಂದ ರಾಗಿಯನ್ನು ಸುರಿಯುವಾಗ ದೂರದಿಂದ ನೋಡುವವರಿಗೆ ಅದು ಒಂದೇ ಧಾರೆಯಂತೆ ಕಾಣುತ್ತದೆ; ಸಮೀಪಕ್ಕೆ ಹೋದಾಗ ಬಿಡಿಬಿಡಿ ಕಾಳುಗಳೆಂದು ತಿಳಿಯುತ್ತದೆ. ಬೆಳಕು ಮತ್ತು ಶಾಖದ ಶಕ್ತಿಯೂ ಹಾಗೆಯೇ ಬಿಡಿ ಪ್ರಮಾಣಗಳಲ್ಲಿ ವಿನಿಮಯವಾಗುತ್ತದೆ. ಕಾದ ವಸ್ತುಗಳು ಹೊರಸೂಸುವ ಬೆಳಕನ್ನು ವಿವರಿಸುವ ಸಲುವಾಗಿ ಜರ್ಮನಿಯ ವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಅವರು 1900ನೇ ಇಸವಿಯ ಡಿಸೆಂಬರ್‌ನಲ್ಲಿ ಈ ವಿಚಾರವನ್ನು ಮೊದಲು ಮಂಡಿಸಿದರು.

ಪ್ರಶ್ನೆ 2: ಫೋಟಾನ್ ಎಂದರೇನು?

ಉತ್ತರ: ಬೆಳಕಿನ ಒಂದು 'ಕಾಳಿ'ಗೆ ಫೋಟಾನ್ ಎಂದು ಹೆಸರು. ಬೆಳಕಿನ ಆವೃತ್ತಿ ಹೆಚ್ಚಾದಷ್ಟೂ ಅದರ ಒಂದೊಂದು ಫೋಟಾನಿನ ಶಕ್ತಿ ಹೆಚ್ಚುತ್ತದೆ. ಆದ್ದರಿಂದ ನೇರಳೆ ಬೆಳಕಿನ ಫೋಟಾನಿನಲ್ಲಿ ಕೆಂಪು ಬೆಳಕಿನ ಫೋಟಾನಿಗಿಂತ ಅಧಿಕ ಶಕ್ತಿಯಿರುತ್ತದೆ. ಕೆಲವು ಲೋಹಗಳ ಮೇಲೆ ಮಂದವಾದ ನೇರಳೆ ಬೆಳಕು ಬಿದ್ದರೂ ಎಲೆಕ್ಟ್ರಾನುಗಳು ಹೊರಬರುತ್ತವೆ. ಆದರೆ ಅದೇ ಲೋಹದ ಮೇಲೆ ಎಷ್ಟೇ ಪ್ರಖರವಾದ ಕೆಂಪು ಬೆಳಕು ಬಿದ್ದರೂ ಹೊರಬರುವುದಿಲ್ಲ. ದ್ಯುತಿವಿದ್ಯುತ್ ಪರಿಣಾಮ ಎಂಬ ಈ ವಿದ್ಯಮಾನವನ್ನು ಆಲ್ಬರ್ಟ್ ಐನ್‌ಸ್ಟೈನ್ ಅವರು 1905ರಲ್ಲಿ ವಿವರಿಸಿದರು. ಇದಕ್ಕಾಗಿ ಅವರಿಗೆ 1921ನೇ ಸಾಲಿನ ನೊಬೆಲ್ ಪಾರಿತೋಷಕ ದೊರೆಯಿತು. ಒಂದು ಫೋಟಾನಿನ ಶಕ್ತಿ ಅತ್ಯಲ್ಪವಾದುದು. ಮನೆಯಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬಿನಿಂದ ಪ್ರತಿ ಸೆಕೆಂಡಿಗೆ ಹೊರಬರುವ ಫೋಟಾನುಗಳ ಸಂಖ್ಯೆಯನ್ನು ಅಂದಾಜಿಸಿದರೆ, ಒಂದರ ಮುಂದೆ 19 ಸೊನ್ನೆಗಳನ್ನು ಬರೆದಷ್ಟರ ಆಸುಪಾಸಿನಲ್ಲಿರುತ್ತದೆ. ಈ ಕಾರಣದಿಂದಲೇ ಬೆಳಕು ನಮ್ಮ ಕಣ್ಣಿಗೆ ಎಡೆಬಿಡದೆ ಹರಿಯುವಂತೆ ಕಾಣುತ್ತದೆ.

ಪ್ರಶ್ನೆ 3: ಬೆಳಕು ಅಲೆಯೋ, ಕಣವೋ?

ಉತ್ತರ: ಎರಡರ ಗುಣವೂ ಅದಕ್ಕಿದೆ. ಎರಡು ಕಿರಿದಾದ ಸೀಳುಗಳ ಮೂಲಕ ಹಾದುಹೋದಾಗ ಬೆಳಕು ಅಲೆಯಂತೆ ಪಟ್ಟೆಗಳನ್ನು ಮೂಡಿಸುತ್ತದೆ. ಲೋಹದಿಂದ ಎಲೆಕ್ಟ್ರಾನನ್ನು ಹೊರಹಾಕುವಾಗ ಕಣದಂತೆ ವರ್ತಿಸುತ್ತದೆ. ಎಲೆಕ್ಟ್ರಾನಿನಂತಹ ದ್ರವ್ಯಕಣಗಳಿಗೂ ಅಲೆಯ ಗುಣವಿರಬೇಕೆಂದು ಫ್ರಾನ್ಸಿನ ಲೂಯಿ ಡಿ ಬ್ರಾಯ್ ಅವರು 1924ರಲ್ಲಿ ಪ್ರತಿಪಾದಿಸಿದರು. 1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ಅವರ ಪ್ರಯೋಗದಿಂದ ಇದು ದೃಢಪಟ್ಟಿತು.

ಪ್ರಶ್ನೆ 4: ಅನಿಶ್ಚಿತತಾ ತತ್ವ ಎಂದರೇನು? ಜಮೀನಿನ ಅಳತೆಯಲ್ಲಿ ಬರುವ ವ್ಯತ್ಯಾಸಕ್ಕೆ ಇದು ಕಾರಣವೇ?

ಉತ್ತರ: ಅಲ್ಲ. ಒಂದು ಕಣದ ಸ್ಥಾನವನ್ನೂ ಸಂವೇಗವನ್ನೂ ಏಕಕಾಲದಲ್ಲಿ ಒಂದು ಮಿತಿಗಿಂತ ಹೆಚ್ಚು ನಿಖರವಾಗಿ ತಿಳಿಯಲು ಸಾಧ್ಯವಿಲ್ಲವೆಂದು ವೆರ್ನರ್ ಹೈಸೆನ್‌ಬರ್ಗ್ ಅವರು 1927ರಲ್ಲಿ ತೋರಿಸಿದರು. ಇದು ಉಪಕರಣದ ದೋಷವಲ್ಲ, ಪ್ರಕೃತಿಯ ನಿಯಮ. ಆದರೆ ಇದರ ಪರಿಣಾಮ ಪರಮಾಣುವಿನಷ್ಟು ಸೂಕ್ಷ್ಮವಾದ ವಸ್ತುಗಳಲ್ಲಿ ಮಾತ್ರ ಗಣನೀಯ. ಒಂದು ಕಿಲೋಗ್ರಾಂ ತೂಕದ ಕಲ್ಲಿನ ಸ್ಥಾನವನ್ನು ಒಂದು ಮಿಲಿಮೀಟರಿನಷ್ಟು ನಿಖರವಾಗಿ ತಿಳಿದಿದ್ದಲ್ಲಿ, ಅದರ ವೇಗದಲ್ಲಿ ಉಳಿಯುವ ಅನಿಶ್ಚಿತತೆಯು ಸೆಕೆಂಡಿಗೆ ಮೀಟರುಗಳ ಲೆಕ್ಕದಲ್ಲಿ ದಶಮಾಂಶ ಬಿಂದುವಿನ ನಂತರ 31 ಸೊನ್ನೆಗಳಾದ ಮೇಲೆ ಬರುವ ಅಂಕಿಯಷ್ಟು ಕಿರಿದು. ಗಡಿಕಲ್ಲು ಸ್ಥಳ ಬದಲಿಸಿದ್ದರೆ ಅದಕ್ಕೆ ಬೇರೆ ಕಾರಣವನ್ನು ಹುಡುಕಬೇಕು. ಅಳತೆಯ ಬಗ್ಗೆ ತಕರಾರಿದ್ದಲ್ಲಿ ಭೂಮಾಪನ ಇಲಾಖೆಗೆ ಅರ್ಜಿ ಸಲ್ಲಿಸಬಹುದು.

ಪ್ರಶ್ನೆ 5: ಒಂದೇ ಕಣ ಏಕಕಾಲದಲ್ಲಿ ಎರಡು ಸ್ಥಿತಿಗಳಲ್ಲಿರುತ್ತದೆ ಎನ್ನುವುದು ನಿಜವೇ? ದೂರದ ಎರಡು ಕಣಗಳ ನಡುವೆ ನಂಟಿರುತ್ತದೆಯೇ?

ಉತ್ತರ: ಅಳೆಯುವವರೆಗೆ ಕಣದ ಸ್ಥಿತಿಯನ್ನು ಹಲವು ಸಾಧ್ಯತೆಗಳ ಕೂಡಿಕೆಯಾಗಿಯೇ ಲೆಕ್ಕ ಹಾಕಬೇಕಾಗುತ್ತದೆ. ಇದನ್ನು ಅಧ್ಯಾರೋಪಣ ಎನ್ನುತ್ತಾರೆ. ಅಳೆದಾಗ ಒಂದು ಫಲಿತಾಂಶ ಮಾತ್ರ ದೊರೆಯುತ್ತದೆ. ಜೊತೆಯಾಗಿ ಸಿದ್ಧಪಡಿಸಿದ ಎರಡು ಕಣಗಳು ದೂರ ಸರಿದ ನಂತರವೂ ಅವುಗಳ ಅಳತೆಯ ಫಲಿತಾಂಶಗಳು ಪರಸ್ಪರ ಹೊಂದಿಕೊಂಡಿರುವ ಸ್ಥಿತಿಗೆ ಎಂಟ್ಯಾಂಗಲ್‌ಮೆಂಟ್ ಎಂದು ಹೆಸರು. ಇದನ್ನು ಪ್ರಯೋಗಗಳಿಂದ ಸ್ಥಾಪಿಸಿದ ಅಲೆನ್ ಆಸ್ಪೆ, ಜಾನ್ ಕ್ಲೌಸರ್ ಮತ್ತು ಆಂಟನ್ ಸೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಪಾರಿತೋಷಕ ನೀಡಲಾಯಿತು. ಆದರೆ ಈ ನಂಟಿನಿಂದ ಬೆಳಕಿಗಿಂತ ವೇಗವಾಗಿ ಸಂದೇಶ ಕಳುಹಿಸಲು ಬರುವುದಿಲ್ಲ. ದೂರದಲ್ಲಿ ಕುಳಿತು ಮತ್ತೊಬ್ಬರ ರೋಗ ಗುಣಪಡಿಸಲು ಅಥವಾ ಮನಸ್ಸನ್ನು ಓದಲು ಸಾಧ್ಯ ಎಂಬ ಹೇಳಿಕೆಗಳಿಗೆ ಈ ಪ್ರಯೋಗಗಳಲ್ಲಿ ಯಾವ ಆಧಾರವೂ ಇಲ್ಲ.

ಭಾಗ – 2: ದಿನಬಳಕೆಯ ಸಾಧನಗಳು

ಪ್ರಶ್ನೆ 6: ಸೌರಫಲಕವು ಬಿಸಿಲಿನ ಶಾಖದಿಂದ ವಿದ್ಯುತ್ ಉತ್ಪಾದಿಸುತ್ತದೆಯೇ?

ಉತ್ತರ: ಇಲ್ಲ, ಬೆಳಕಿನಿಂದ ಉತ್ಪಾದಿಸುತ್ತದೆ. ಫಲಕದಲ್ಲಿರುವ ಸಿಲಿಕಾನ್ ಒಂದು ಅರೆವಾಹಕ. ಅದರಲ್ಲಿ ಬಂಧಿತವಾಗಿರುವ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಷ್ಟು ಶಕ್ತಿಯುಳ್ಳ ಫೋಟಾನ್ ಬಂದು ಬಿದ್ದಾಗ ಎಲೆಕ್ಟ್ರಾನ್ ಬಿಡುಗಡೆಯಾಗಿ ವಿದ್ಯುತ್ತಾಗಿ ಹರಿಯುತ್ತದೆ. ಇದರಿಂದ ಬಳಕೆದಾರರು ಗಮನಿಸಬೇಕಾದ ಅಂಶಗಳು:

(ಅ) ಮೋಡ ಕವಿದ ದಿನಗಳಲ್ಲಿ ಬಂದು ಬೀಳುವ ಫೋಟಾನುಗಳ ಸಂಖ್ಯೆ ಕಡಿಮೆಯಾಗುವುದರಿಂದ ಉತ್ಪಾದನೆ ಇಳಿಯುತ್ತದೆ, ಪೂರ್ಣ ನಿಲ್ಲುವುದಿಲ್ಲ.

(ಆ) ಫಲಕವು 25 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದಂತೆ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.3ರಿಂದ 0.4ರಷ್ಟು ಉತ್ಪಾದನೆ ಕುಗ್ಗುತ್ತದೆ. ಆದ್ದರಿಂದ ಫಲಕದ ಕೆಳಗೆ ಗಾಳಿಯಾಡಲು ಅಂತರ ಬಿಡತಕ್ಕದ್ದು.

(ಇ) ಫಲಕದ ಕೋಶಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದು ಭಾಗದ ಮೇಲೆ ಮರದ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು. ಧೂಳು ಮತ್ತು ಹಕ್ಕಿಯ ಹಿಕ್ಕೆಯನ್ನು ಆಗಾಗ್ಗೆ ತೊಳೆಯತಕ್ಕದ್ದು.

ಮನೆಯ ಛಾವಣಿಯ ಮೇಲೆ ವಿದ್ಯುತ್ ಜಾಲಕ್ಕೆ ಸಂಪರ್ಕಿಸಿದ ಸೌರಘಟಕ ಅಳವಡಿಸುವವರಿಗಾಗಿ ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆಯನ್ನು ಆರಂಭಿಸಿತು. ಆಗ ಪ್ರಕಟಿಸಿದಂತೆ 1 ಕಿಲೋವ್ಯಾಟ್ ಘಟಕಕ್ಕೆ ರೂ. 30,000, 2 ಕಿಲೋವ್ಯಾಟ್‌ಗೆ ರೂ. 60,000 ಹಾಗೂ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಘಟಕಕ್ಕೆ ರೂ. 78,000 ಸಹಾಯಧನ ನಿಗದಿಯಾಗಿದೆ. ಸಹಾಯಧನವು ಅರ್ಜಿದಾರರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಸಹಾಯಧನ 'ಮಂಜೂರು ಮಾಡಿಸಿಕೊಡಲು' ಹಣ ಕೇಳುವ ಮಧ್ಯವರ್ತಿಗಳಿಗೆ ಯಾವುದೇ ಮೊತ್ತವನ್ನು ನೀಡತಕ್ಕದ್ದಲ್ಲ. ಅರ್ಜಿ ಸಲ್ಲಿಸುವ ಮುನ್ನ ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲಿ ಅಥವಾ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಯಲ್ಲಿ ಚಾಲ್ತಿ ನಿಯಮಗಳನ್ನು ಖಚಿತಪಡಿಸಿಕೊಳ್ಳುವುದು.

ಪ್ರಶ್ನೆ 7: ಸೌರಬೇಲಿಯನ್ನು ಮನೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸಬಹುದೇ?

ಉತ್ತರ: ಸರ್ವಥಾ ಕೂಡದು. ಸೌರಬೇಲಿಯಲ್ಲಿ ಫಲಕವು ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಬ್ಯಾಟರಿಯಿಂದ ನಡೆಯುವ ಸಾಧನವು ತಂತಿಗೆ ಸೆಕೆಂಡಿಗೆ ಸುಮಾರು ಒಂದು ಬಾರಿ, ಅತ್ಯಲ್ಪ ಅವಧಿಯ ಮಿಡಿತವನ್ನು ಮಾತ್ರ ಕಳುಹಿಸುತ್ತದೆ. ಮಿಡಿತಗಳ ನಡುವೆ ಬಿಡುವಿರುವುದರಿಂದ ತಂತಿ ಮುಟ್ಟಿದ ಪ್ರಾಣಿಯು ಬೆದರಿ ಹಿಂದೆ ಸರಿಯುತ್ತದೆ. ಮನೆಯ ವಿದ್ಯುತ್ತಿನಲ್ಲಿ ಇಂತಹ ಬಿಡುವಿಲ್ಲ. ಮುಟ್ಟಿದ ಆನೆಯಾಗಲಿ, ದನವಾಗಲಿ, ಮನುಷ್ಯನಾಗಲಿ ಪ್ರಾಣ ಕಳೆದುಕೊಳ್ಳುವ ಸಂಭವವಿರುತ್ತದೆ. ಹೀಗೆ ಜೋಡಿಸುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ. ಸೌರಬೇಲಿ ಅಳವಡಿಸಲಿಚ್ಛಿಸುವ ರೈತರು ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.

ಪ್ರಶ್ನೆ 8: ಎಲ್‌ಇಡಿ ಬಲ್ಬು ಕಡಿಮೆ ವಿದ್ಯುತ್ ಬಳಸುವುದು ಹೇಗೆ?

ಉತ್ತರ: ಸೌರಫಲಕದಲ್ಲಿ ನಡೆಯುವ ಕ್ರಿಯೆಯು ಇಲ್ಲಿ ಹಿಮ್ಮುಖವಾಗಿ ನಡೆಯುತ್ತದೆ. ಅರೆವಾಹಕದಲ್ಲಿ ಎಲೆಕ್ಟ್ರಾನ್ ಮೇಲಿನ ಶಕ್ತಿಮಟ್ಟದಿಂದ ಕೆಳಗಿಳಿದಾಗ ಆ ವ್ಯತ್ಯಾಸವು ಫೋಟಾನಾಗಿ ಹೊರಬರುತ್ತದೆ. ಹಳೆಯ ಬಲ್ಬಿನಲ್ಲಿ ತಂತಿಯನ್ನು ಕಾಯಿಸಬೇಕಾಗಿದ್ದುದರಿಂದ ಬಹುಪಾಲು ಶಕ್ತಿ ಶಾಖವಾಗಿ ವ್ಯಯವಾಗುತ್ತಿತ್ತು. 60 ವ್ಯಾಟಿನ ಹಳೆಯ ಬಲ್ಬಿನಷ್ಟು ಬೆಳಕನ್ನು ಸುಮಾರು 9 ವ್ಯಾಟಿನ ಎಲ್‌ಇಡಿ ನೀಡುತ್ತದೆ. ನೀಲಿ ಎಲ್‌ಇಡಿಯ ಆವಿಷ್ಕಾರದಿಂದ ಬಿಳಿ ಬೆಳಕು ಸಾಧ್ಯವಾಯಿತು. ಇದಕ್ಕಾಗಿ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ 2014ರ ನೊಬೆಲ್ ಪಾರಿತೋಷಕ ದೊರೆಯಿತು. 2015ರಲ್ಲಿ ದೇಶದಲ್ಲಿ ಆರಂಭವಾದ ಎಲ್‌ಇಡಿ ವಿತರಣಾ ಕಾರ್ಯಕ್ರಮವು ಕರ್ನಾಟಕದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಿಂದ ಜಾರಿಗೆ ಬಂದಿತು.

ಪ್ರಶ್ನೆ 9: ಬೆರಳಚ್ಚು ಯಂತ್ರವು ಕೆಲವರ ಬೆರಳನ್ನು ಏಕೆ ಗುರುತಿಸುವುದಿಲ್ಲ? ಆಗ ಪಡಿತರ ನಿರಾಕರಿಸಬಹುದೇ?

ಉತ್ತರ: ಬಳಕೆಯಲ್ಲಿರುವ ಬಹುತೇಕ ಯಂತ್ರಗಳಲ್ಲಿ ಎಲ್‌ಇಡಿ ಬೆಳಕು ಗಾಜಿನ ಮೇಲಿಟ್ಟ ಬೆರಳನ್ನು ಬೆಳಗುತ್ತದೆ. ಬೆರಳಿನ ಗೆರೆಗಳ ಉಬ್ಬು ಗಾಜಿಗೆ ತಗುಲುವುದರಿಂದ ಅಲ್ಲಿ ಒಂದು ರೀತಿಯಲ್ಲೂ, ತಗ್ಗಿನಲ್ಲಿ ಬೇರೆ ರೀತಿಯಲ್ಲೂ ಬೆಳಕು ಪ್ರತಿಫಲಿಸುತ್ತದೆ. ಹಿಂದಿರುಗಿದ ಫೋಟಾನುಗಳು ಸಿಲಿಕಾನ್ ಚಿಪ್ಪಿನಲ್ಲಿ ಎಲೆಕ್ಟ್ರಾನುಗಳನ್ನು ಬಿಡಿಸಿ ಚಿತ್ರವನ್ನು ಮೂಡಿಸುತ್ತವೆ. ಹೊಲ, ಕಾಡು, ಕಲ್ಲು ಮತ್ತು ಮಣ್ಣಿನ ಕೆಲಸದಿಂದ ಗೆರೆಗಳು ಸವೆದಿದ್ದರೆ, ಕೈ ಬಹಳ ಒಣಗಿದ್ದರೆ ಅಥವಾ ಒದ್ದೆಯಾಗಿದ್ದರೆ ಈ ವ್ಯತ್ಯಾಸ ಮಸುಕಾಗುತ್ತದೆ. ಇದು ಆ ವ್ಯಕ್ತಿಯ ಗುರುತಿನ ದೋಷವಲ್ಲ. ದುಡಿದ ಕೈಯ ಗೆರೆಯನ್ನು ಬೆಳಕು ಪ್ರತ್ಯೇಕಿಸಲಾಗದ ಸ್ಥಿತಿ ಮಾತ್ರ.

ಇಂತಹ ಸಂದರ್ಭದಲ್ಲಿ ಕೈ ತೊಳೆದು ಒರೆಸಿಕೊಂಡು ಬೇರೆ ಬೆರಳುಗಳಿಂದ ಪ್ರಯತ್ನಿಸುವುದು. ಕಣ್ಣಿನ ಪಾಪೆಯ ಗುರುತು ಅಥವಾ ಮೊಬೈಲ್‌ಗೆ ಬರುವ ಒಂದು ಬಾರಿಯ ಸಂಖ್ಯೆಯ ಸೌಲಭ್ಯವಿದ್ದಲ್ಲಿ ಅದನ್ನು ಕೋರುವುದು. ಪಾಪೆಯ ಚಿತ್ರವನ್ನು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ತೆಗೆಯುವುದರಿಂದ ಕೈಗಳ ಸವೆತ ಅದಕ್ಕೆ ಅಡ್ಡಿಯಾಗದು. ಬೆರಳಚ್ಚು ಹೊಂದಾಣಿಕೆಯಾಗದ ಏಕೈಕ ಕಾರಣದಿಂದ ಅರ್ಹರಿಗೆ ಸವಲತ್ತನ್ನು ನಿರಾಕರಿಸಕೂಡದೆಂದೂ, ಪರ್ಯಾಯ ವಿಧಾನದಲ್ಲಿ ಗುರುತಿಸಿ ನೀಡತಕ್ಕದ್ದೆಂದೂ ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು ದಿನಾಂಕ 24-10-2017ರ ಸುತ್ತೋಲೆಯಲ್ಲಿ ತಿಳಿಸಿದೆ. ಪಡಿತರ ನಿರಾಕರಿಸಲ್ಪಟ್ಟವರು ತಾಲ್ಲೂಕು ಆಹಾರ ಶಾಖೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು. ಬೆರಳಚ್ಚನ್ನು ಆಧಾರ್ ಕೇಂದ್ರದಲ್ಲಿ ನವೀಕರಿಸಿಕೊಳ್ಳಬಹುದು. ಆಧಾರ್ ಸಹಾಯವಾಣಿ: 1947.

ಭಾಗ – 3: ಎಚ್ಚರಿಕೆ

ಪ್ರಶ್ನೆ 10: 'ಕ್ವಾಂಟಮ್' ಪದಕ, ಕ್ವಾಂಟಮ್ ನೀರು, ಕ್ವಾಂಟಮ್ ರೋಗಪತ್ತೆ ಯಂತ್ರಗಳನ್ನು ನಂಬಬಹುದೇ?

ಉತ್ತರ: ನಂಬಬಾರದು. ಅಂಗೈಯಲ್ಲಿ ಒಂದು ಸರಳನ್ನು ಹಿಡಿದ ಮಾತ್ರಕ್ಕೆ ದೇಹದ ಎಲ್ಲ ರೋಗಗಳನ್ನು ತಿಳಿಸುವ ಯಂತ್ರಕ್ಕೆ ಕ್ವಾಂಟಮ್ ಭೌತಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಇಂತಹ ಫಲಿತಾಂಶವನ್ನು ನಂಬಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಕ್ಷಯರೋಗದ ಔಷಧಿಯನ್ನು ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ. ಕೆಲವು ಪದಕಗಳು ಸ್ವತಃ ಅಪಾಯಕಾರಿ: ನೆದರ್ಲೆಂಡ್ಸ್ ದೇಶದ ವಿಕಿರಣ ಸುರಕ್ಷತಾ ಪ್ರಾಧಿಕಾರವು 2021ರ ಡಿಸೆಂಬರ್‌ನಲ್ಲಿ ಪರೀಕ್ಷಿಸಿದಾಗ, ರಕ್ಷಣೆ ನೀಡುತ್ತವೆಂದು ಮಾರಲಾಗುತ್ತಿದ್ದ ಪದಕ ಮೊದಲಾದ ಹತ್ತು ವಸ್ತುಗಳೇ ವಿಕಿರಣ ಸೂಸುತ್ತಿರುವುದು ಕಂಡುಬಂದು, ಅವುಗಳನ್ನು ಧರಿಸದಂತೆ ಎಚ್ಚರಿಸಿತು. ಕೆಲವು ನಿರ್ದಿಷ್ಟ ರೋಗಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮವು ನಿಷೇಧಿಸಿದೆ.

ಪ್ರಶ್ನೆ 11: ಅಕ್ಕಿಕಾಳನ್ನು ಸೆಳೆಯುವ ತಾಮ್ರದ ಚೊಂಬು ಕೋಟ್ಯಂತರ ರೂಪಾಯಿ ಬೆಲೆಬಾಳುತ್ತದೆಯೇ?

ಉತ್ತರ: ಇಲ್ಲ. 'ರೈಸ್ ಪುಲ್ಲಿಂಗ್' ಎಂದು ಕರೆಯಲಾಗುವ ಈ ವಂಚನೆಯಲ್ಲಿ, ಸಿಡಿಲು ಬಡಿದ ಪಾತ್ರೆಯಲ್ಲಿ ಇರಿಡಿಯಂ ಸೇರಿ ವಿಶೇಷ ಶಕ್ತಿ ಬಂದಿದೆಯೆಂದೂ, ಅಣುವಿಜ್ಞಾನ ಅಥವಾ ಬಾಹ್ಯಾಕಾಶ ಸಂಸ್ಥೆಗಳು ಅದನ್ನು ಕೊಳ್ಳುತ್ತವೆಂದೂ ನಂಬಿಸಿ, 'ಪರೀಕ್ಷಾ ಶುಲ್ಕ'ದ ನೆಪದಲ್ಲಿ ಹಣ ವಸೂಲು ಮಾಡಲಾಗುತ್ತದೆ. ಇರಿಡಿಯಂ ಲೋಹಕ್ಕೆ ಅಕ್ಕಿಯನ್ನು ಸೆಳೆಯುವ ಗುಣವಿಲ್ಲ. ಸಿಡಿಲಿನಿಂದ ತಾಮ್ರವು ಇರಿಡಿಯಂ ಆಗುವುದೂ ಇಲ್ಲ. ಪ್ರದರ್ಶನದಲ್ಲಿ ಕಾಳು ಸರಿದಂತೆ ಕಂಡರೆ ಅದು ಕೈಚಳಕ, ಅಂದರೆ ಕಾಳಿನಲ್ಲಿ ಕಬ್ಬಿಣದ ಪುಡಿ ಸೇರಿಸಿ ಅಯಸ್ಕಾಂತ ಬಳಸುವಂತಹ ಉಪಾಯ. ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಈ ಬಗ್ಗೆ ಪೊಲೀಸ್ ಪ್ರಕರಣಗಳು ದಾಖಲಾಗಿವೆ.

ಪ್ರಶ್ನೆ 12: ಮೋಸಹೋದವರು ಎಲ್ಲಿ ದೂರು ನೀಡಬೇಕು?

ಉತ್ತರ: (ಅ) ವಂಚನೆಗೆ ಸಂಬಂಧಿಸಿದಂತೆ ಸಮೀಪದ ಪೊಲೀಸ್ ಠಾಣೆ. (ಆ) ಆನ್‌ಲೈನ್ ಮೂಲಕ ಹಣ ಕಳೆದುಕೊಂಡಿದ್ದಲ್ಲಿ ಕೂಡಲೇ 1930. (ಇ) ವಸ್ತು ಅಥವಾ ಸೇವೆಯ ಲೋಪಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. (ಈ) 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗ. ವ್ಯಾಜ್ಯಕ್ಕೆ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗಿದ್ದಲ್ಲಿ ಶುಲ್ಕವಿರುವುದಿಲ್ಲ. ರಸೀದಿ, ಕರಪತ್ರ, ಸಂದೇಶ ಮತ್ತು ಹಣ ವರ್ಗಾವಣೆಯ ದಾಖಲೆಗಳನ್ನು ಜೋಪಾನವಾಗಿಡುವುದು.

ಭಾಗ – 4: ವಿದ್ಯಾರ್ಥಿಗಳಿಗೆ

ಪ್ರಶ್ನೆ 13: ಈ ವಿಷಯದಲ್ಲಿ ಕರ್ನಾಟಕದಲ್ಲಿ ನಡೆದಿರುವ ಕಾರ್ಯವೇನು? ಮುಂದೆ ಓದುವುದು ಹೇಗೆ?

ಉತ್ತರ: ವಸ್ತುವಿನ ಮೂಲಕ ಹಾಯುವ ಬೆಳಕಿನ ಅಲ್ಪ ಭಾಗವು ಅಣುಗಳೊಡನೆ ಶಕ್ತಿ ವಿನಿಮಯ ಮಾಡಿಕೊಂಡು ಬಣ್ಣ ಬದಲಿಸುವುದನ್ನು ಸರ್ ಸಿ.ವಿ. ರಾಮನ್ ಅವರು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಗುರುತಿಸಿದರು. ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಅವರು, 1948ರಲ್ಲಿ ಅಲ್ಲಿಯೇ ರಾಮನ್ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್‌ನಲ್ಲಿ ರೂ. 6,003.65 ಕೋಟಿ ವೆಚ್ಚದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಅನುಮೋದನೆ ನೀಡಿತು. ಅದರಡಿ ಕ್ವಾಂಟಮ್ ಗಣಕಗಳ ಕೇಂದ್ರವನ್ನು ಭಾರತೀಯ ವಿಜ್ಞಾನ ಸಂಸ್ಥೆಗೆ ವಹಿಸಲಾಗಿದೆ.

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ವಿಕಿರಣ ಮತ್ತು ದ್ರವ್ಯದ ದ್ವಿಸ್ವಭಾವ, ಪರಮಾಣುಗಳು ಹಾಗೂ ಅರೆವಾಹಕಗಳ ಪಾಠಗಳಿದ್ದು, ಈ ಪುಟದ ಬಹುತೇಕ ವಿಷಯಗಳಿಗೆ ಅವೇ ಅಡಿಪಾಯವಾಗಿವೆ. ಇದನ್ನು ಓದಲು ಪ್ರೌಢಶಾಲೆಯ ನಂತರ ವಿಜ್ಞಾನ ವಿಭಾಗವನ್ನು ಆಯ್ದುಕೊಳ್ಳಬೇಕಾಗುತ್ತದೆ. ಗಣಿತದಲ್ಲಿ ಉತ್ತಮ ತಳಹದಿ ಅಗತ್ಯ.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕ ತಿಳಿವಳಿಕೆಗಾಗಿ ಮಾತ್ರ. ಯೋಜನೆಗಳ ದರ ಹಾಗೂ ನಿಯಮಗಳು ಕಾಲಕಾಲಕ್ಕೆ ಬದಲಾಗಬಹುದಾದ್ದರಿಂದ ಅರ್ಜಿದಾರರು ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು. ಆರೋಗ್ಯ ಸಮಸ್ಯೆಗಳಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣುವುದು.